ಆಮೆಗಳಿಗೆ ಸಿಕ್ಕ ದಾರಿ

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ಬ್ರೇಕಕ್ಕ. ಪಕ್ಕದ ಸೀಟಿನಲ್ಲಿ ಕುಳಿತು "ಬ್ರೇಕ್, ಬ್ರೇಕ್" ಎಂದು ಕೂಗಿ ಕೂಗಿಯೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಗಂಡನೂ ಒಮ್ಮೆ ಬಾಯಿತಪ್ಪಿ ಹಾಗೆ ಕರೆದು ಬೈಸಿಕೊಂಡಿದ್ದ.

ಬೇರೆ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇಲ್ಲದ ಪಾಠವೊಂದು ಅವಳಲ್ಲಿತ್ತು. ಕೆರೆಯ ಪಕ್ಕದ ತಿರುವಿಗೆ ಕರೆದೊಯ್ದು ಎಂಜಿನ್ ಆಫ್ ಮಾಡಿಸುತ್ತಿದ್ದಳು. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಆಮೆಗಳು ಕೆರೆಯಿಂದೆದ್ದು, ರಸ್ತೆ ದಾಟಿ, ಆಚೆಯ ಮರಳುದಿಬ್ಬಕ್ಕೆ ಹೋಗುತ್ತಿದ್ದವು. ಆಮೆ ಪೂರ್ತಿ ದಾಟುವವರೆಗೆ ಶಿಷ್ಯರು ಸುಮ್ಮನೆ ಕೂರಬೇಕು. ಅಷ್ಟು ಹೊತ್ತೂ ಅವಳು ಆಮೆಯ ಸಂಸಾರದ ಕಥೆ ಹೇಳುತ್ತಿದ್ದಳು. ಕೊಳೆತದ್ದನ್ನೆಲ್ಲ ತಿಂದು ಕೆರೆಯನ್ನು ಚೊಕ್ಕಟವಾಗಿಡುವವರು ಇವರೇ ಎನ್ನುತ್ತಿದ್ದಳು. "ನೀನು ಕಲಿಸೋದು ಡ್ರೈವಿಂಗೋ, ಆಮೆ ಕಾಯೋದೋ?" ಎಂದು ಗಂಡ ಕಾಲೆಳೆಯುತ್ತಿದ್ದ.

ಒಂದು ದಿನ ಆ ತಿರುವಿನಲ್ಲಿ ಅಳತೆಯ ಗೂಟಗಳು ಎದ್ದವು. ರಸ್ತೆ ಅಗಲವಾಗಲಿದೆ, ಎದುರುಬದುರು ಗಾಡಿಗಳು ಡಿಕ್ಕಿಯಾಗದಂತೆ ನಡುವೆ ಉದ್ದಕ್ಕೂ ಕಾಂಕ್ರೀಟ್ ಗೋಡೆ ಬರಲಿದೆ ಎಂದು ಗೊತ್ತಾದಾಗ ಅವಳಿಗೆ ಮೊದಲು ನೆನಪಾದದ್ದು ಆಮೆಗಳು. ಗೋಡೆ ಅಡ್ಡ ಬಂದರೆ ಆಮೆ ಅದರ ಬುಡದಲ್ಲೇ ತೆವಳುತ್ತಾ ಚಕ್ರಕ್ಕೆ ಸಿಕ್ಕುತ್ತದೆ. ನೇರ ರಸ್ತೆ ಕಚೇರಿಗೆ ಹೋದಳು. ಎಂಜಿನಿಯರ್ ಕುರ್ಚಿ ಕೊಟ್ಟು ಮಾತಾಡಿಸಿದ. ಆದರೆ ನಕ್ಷೆ ಆಗಿಹೋಗಿದೆ, ಏನಿದ್ದರೂ ಸಾರ್ವಜನಿಕ ಸಭೆಯಲ್ಲಿ ಹೇಳಿ ಎಂದ.

ಸಭೆಯಲ್ಲಿ ಮೈಕ್ ಕೈಗೆ ಬಂದಾಗ ಬ್ರೇಕಕ್ಕ ತಡವರಿಸಿದಳು. ಒಬ್ಬೊಬ್ಬರಿಗೇ ಹೇಳಿ ಅಭ್ಯಾಸ, ಇಲ್ಲಿ ನೋಡಿದರೆ ಕಾಲಿಡಲು ಜಾಗವಿಲ್ಲದಷ್ಟು ಜನ. ಕಣ್ಣು ಮುಚ್ಚಿ, ಪಕ್ಕದಲ್ಲಿ ಹೊಸ ಶಿಷ್ಯನೊಬ್ಬ ಕುಳಿತಿದ್ದಾನೆ ಅಂದುಕೊಂಡು ಶುರುಮಾಡಿದಳು. ಗೋಡೆ ಬೇಡ ಎನ್ನಲಿಲ್ಲ. ಜನರೂ ಉಳಿಯಬೇಕಲ್ಲ. ರಸ್ತೆಯಡಿ ಆಮೆ ನುಸುಳುವಂಥ ಸುರಂಗ ಮಾಡಿ, ಅದರ ಬಾಯಿಯತ್ತ ಅವನ್ನು ತಿರುಗಿಸುವ ಗಿಡ್ಡ ಬೇಲಿ ಹಾಕಿ ಎಂದಳು.

"ಇದು ನಿಮ್ಮೊಬ್ಬರ ಆಸೆನೋ, ಊರಿಂದೋ?" ಎಂದು ಎಂಜಿನಿಯರ್ ಕೇಳಿದ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಬಸ್ ಡ್ರೈವರ್ ಎದ್ದು ನಿಂತಿದ್ದ. ಆಂಬುಲೆನ್ಸಿನವನು ಎದ್ದ, ಹಾಲಿನ ವ್ಯಾನಿನವಳು ಎದ್ದಳು, ಆಮೇಲೆ ಸಾಲಿಗೆ ಸಾಲೇ ಎದ್ದಿತು. ಎಲ್ಲರೂ ಆ ತಿರುವಿನಲ್ಲಿ ಎಂಜಿನ್ ಆಫ್ ಮಾಡಿ ಕೂತವರೇ. ಕೊನೆಗೆ ಮೊದಲ ಸಾಲಿನಲ್ಲಿದ್ದ ಎಂಜಿನಿಯರನ ಹೆಂಡತಿಯೂ ಕೈಚೀಲ ಬದಿಗಿಟ್ಟು ಎದ್ದಳು.

"ನೀನೂನಾ?"

"ಮತ್ತೆ? ನನಗೆ ಕಾರು ಕಲಿಸಿದ್ದು ಯಾರು ಅಂದ್ಕೊಂಡ್ರಿ?"

ಸಭೆ ಘೊಳ್ಳೆಂದು ನಕ್ಕಿತು. ಎಂಜಿನಿಯರನೂ ನಕ್ಕು, ನಕ್ಷೆ ಬಿಡಿಸಿ, ತಿರುವಿಗೆ ಅಡ್ಡಲಾಗಿ ಪೆನ್ಸಿಲಿನಿಂದ ಗೆರೆ ಎಳೆದ. ಒಳಗೆ ಬೆಳಕು ಬೇಕಾ ಎಂದು ಕೇಳಿದ. ಕತ್ತಲೆಯಿದ್ದರೆ ಆಮೆಗಳು ಹಿಂಜರಿಯುತ್ತವೆ ಎಂದು ಬ್ರೇಕಕ್ಕ ಹೇಳಿದಾಗ ಮೇಲೆ ಜಾಲರಿಗೂ ಗುರುತು ಹಾಕಿದ.

ಮುಂದಿನ ಮೊಟ್ಟೆಯ ಕಾಲಕ್ಕೆ ಸುರಂಗ ತಯಾರಾಗಿತ್ತು. ದಿಬ್ಬದ ಕಡೆಯ ಬಾಯಿಯ ಬಳಿ ಗಂಡ ಹೆಂಡತಿ ಕಾದು ಕುಳಿತರು. ಮೇಲೆ ಲಾರಿಗಳು ಗುಡುಗುತ್ತಿದ್ದವು. ಒಳಗಿನಿಂದ ಕೆಸರು ಮೆತ್ತಿದ ಮೂತಿಯೊಂದು ಹೊರಬಂತು. ಅದರ ಹಿಂದೆ ಇನ್ನೊಂದು. ಮೊದಲನೆಯದು ಇವರತ್ತ ತಿರುಗಿಯೂ ನೋಡದೆ ದಿಬ್ಬ ಹತ್ತಿ, ಹಿಂಗಾಲಿನಿಂದ ಮರಳು ಚಿಮ್ಮಿಸತೊಡಗಿತು. ಬ್ರೇಕಕ್ಕ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮರಳು ಅವಳ ಮಡಿಲಿಗೂ ಬಿತ್ತು. ಅವಳು ಕೊಡವಿಕೊಳ್ಳಲಿಲ್ಲ.