ವಂಶದ ಗೊರಕೆ

ಕೊರಿಯಾದ ಬುಸಾನಿನ ದಲ್‌ಸುಗೆ ತನ್ನ ಗೊರಕೆಯ ಬಗ್ಗೆ ಬಲು ಹೆಮ್ಮೆ. ನಿದ್ದೆಯಲ್ಲಿ ಅವನ ಉಸಿರು ನಿಂತು ನಿಂತು ಬರುವುದನ್ನು ಕೇಳುತ್ತ ಮಲಗುವ ಹೆಂಡತಿ ಒಕ್‌ಬುನ್‌ಗೆ ಮಾತ್ರ ಮೈಯೆಲ್ಲ ಉರಿ. ಹೀಗೇ ಬಿಟ್ಟರೆ ಮರೆವಿನ ಕಾಯಿಲೆ ಬೇಗ ಬರಬಹುದೆಂದು ವೈದ್ಯರು ರಾತ್ರಿ ಕಟ್ಟಿಕೊಳ್ಳಲು ಉದ್ದ ಕೊಳವೆಯ ಉಸಿರಾಟದ ಮುಖವಾಡ ಕೊಟ್ಟಿದ್ದರು.

"ನಮ್ಮಪ್ಪನಿಗೂ ಮರೆವು ಬಂತು. ಅದು ವಂಶದ ರಕ್ತ ಕಣೇ, ಮುಖವಾಡಕ್ಕೆ ಬಗ್ಗುತ್ತಾ?" ಎಂದ ದಲ್‌ಸು, ಊಟದ ಜೊತೆಗಿನ ಹುಳಿ ಕೋಸು ಕಿಮ್ಚಿ ಅಗಿಯುತ್ತ.

"ನಿಮ್ಮಪ್ಪ ಸಾಯೋವರೆಗೂ ನನ್ನನ್ನ ಮೀನು ಮಾರೋಳು ಅಂದ್ಕೊಂಡು ಚೌಕಾಸಿ ಮಾಡಿದ್ರು. ಅವರನ್ನ ತೊಳೆದು ಬಳಿದೋಳು ನಾನು, ನಿಮ್ಮ ರಕ್ತ ಅಲ್ಲ. ರಕ್ತ ಬದಲಾಯಿಸೋಕಾಗಲ್ಲ, ಸರಿ. ನೆಟ್ಟಗೆ ಉಸಿರಾಡೋಕೇನ್ರೀ ಧಾಡಿ?" ಎಂದಳು ಒಕ್‌ಬುನ್.

ಆನೆಮರಿಯಂತೆ ಕಾಣುತ್ತೇನೆಂದು ಗೊಣಗುತ್ತಲೇ ದಲ್‌ಸು ಮುಖವಾಡ ಕಟ್ಟಿಕೊಂಡು ಮಲಗಿದ. ಬೆಳಿಗ್ಗೆ ಗೆಲುವಾಗಿ ಎದ್ದವನು, ಈ ಗೆಲುವಿಗೆಲ್ಲ ತನ್ನ ವಂಶದ ಮೈಕಟ್ಟೇ ಕಾರಣ ಎಂದು ಕೊಚ್ಚಿಕೊಂಡ. ಒಕ್‌ಬುನ್ ಮುಖವಾಡ ತೊಳೆದು, ರಾತ್ರಿಗೆಂದು ಅವನ ದಿಂಬಿನ ಪಕ್ಕ ಇಟ್ಟಳು.