ವಕೀಲರ ಜೀಪಿಗೆ ಹಳೆಯ ಪೈಪು

ಪೆಟ್ರೋಲಿನದಲ್ಲ, ಇದು ರಬ್ಬರಿನ ವಾಸನೆ, ಹಳೆಯ ರಬ್ಬರಿನದು, ಸೋಪು ಹಾಕಿ ತಿಕ್ಕಿದರೂ ಬೆರಳು ಬಿಟ್ಟಿಲ್ಲ — ಇರಲಿ, ಭಾವನಿಗೆಲ್ಲಿ ಗೊತ್ತಾಗಬೇಕು, ಅವನ ಮೂಗು ಸಿಗರೇಟಿಗೆ ಸತ್ತು ಎಷ್ಟೋ ಕಾಲವಾಯಿತು, ನೋಡು ಹೇಗೆ ಬಗ್ಗಿದ್ದಾನೆ ವಕೀಲರ ಹಳೆ ಜೀಪಿನ ಬಾನೆಟ್ಟಿನೊಳಗೆ, ಬಗ್ಗಿದ ಕತ್ತು, ಕೊಬ್ಬಿದ ಕತ್ತು, ಒಂದೇ ಒಂದು ಏಟು, ಕೈಯಲ್ಲಿರುವ ಸ್ಪ್ಯಾನರ್ ಸಾಕು, ಬಾನೆಟ್ಟನ್ನೇ ಆ ಕತ್ತಿನ ಮೇಲೆ ಧಡಾರೆಂದು ಬೀಳಿಸಿದರೂ ಸಾಕು — ಹೊಸ ಇಂಜೆಕ್ಷನ್ ಕಿಟ್ಟಿಗೆ ಜಾಗ ಮಾಡಲು ಬೆಳಿಗ್ಗೆ ಬಿಚ್ಚಿದ ಕಾರ್ಬೊರೇಟರನ್ನು ಸತ್ತ ಇಲಿ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಮೂಲೆಗೆಸೆದು ಭಾವ ಅಂದದ್ದು, ಲೋ ಭಾಮೈದ, ಇನ್ಮೇಲೆ ಈ ಮುದುಕಿ ಕಂಪ್ಯೂಟರ್ ಹೇಳಿದಷ್ಟೇ ಕುಡಿಯೋದು ಕಣೋ, ನಿಮ್ಮಕ್ಕಂಗೂ ಒಂದು ಕಂಪ್ಯೂಟರ್ ಕೂರಿಸ್ಬೇಕು, ಹೇಳಿದ್ದು ಕೇಳ್ತಾಳೆ. ತಾನೇ ಹೇಳಿ ತಾನೇ ನಕ್ಕ. ಇವನೂ ನಕ್ಕಿದ್ದ, ಹೌದು, ನಾಚಿಕೆಗೆಟ್ಟು ಹಲ್ಲು ಕಿರಿದಿದ್ದ, ನಗದಿದ್ದರೆ ಅದರ ಸಿಟ್ಟು ರಾತ್ರಿ ಯಾರ ಮೈಮೇಲೆ ತೀರುತ್ತದೆ ಎಂದು ಗೊತ್ತಿದ್ದವನು ನಗಲೇಬೇಕು.

ಅಕ್ಕನ ಕತ್ತಿಗೆ ಈ ಸೆಕೆಯಲ್ಲಿ ಶಾಲು, ಏನಕ್ಕ ಇದು, ಏನಿಲ್ಲ ಕಣೋ ಬಾಗಿಲು ತಗುಲ್ತು, ಶಾಲು ಜಾರಿದಾಗ ದವಡೆಯ ಕೆಳಗೆ ಕಂಡಿತಲ್ಲ, ಅಗಲವಾಗಿ, ನೀಲಿಯಾಗಿ — ಯಾವ ಬಾಗಿಲಿಗಾದರೂ ಹೆಬ್ಬೆರಳಿರುತ್ತದೆಯೇ? ಆ ಹೆಬ್ಬೆರಳು ಇವನಿಗೆ ಗೊತ್ತು, ದಿನವಿಡೀ ಅದರ ಪಕ್ಕದಲ್ಲೇ ಕೆಲಸ, ಚಪ್ಪಟೆ ಉಗುರು, ನಡುವೆ ಸೀಳು, ಸೀಳಿನಲ್ಲಿ ಕರಿ ಗ್ರೀಸು, ನಟ್ಟು ತಿರುಗಿಸುವಾಗ ಬೆಳ್ಳಗಾಗುತ್ತದೆ, ಅಕ್ಕನ ಗಂಟಲ ಮೇಲೂ ಹಾಗೇ ಬೆಳ್ಳಗಾಗಿರಬೇಕು. ಒಮ್ಮೆ ತಡೆಯಲಾರದೆ ಕೈಮಾಡಿದ್ದ, ಇದೇ ಶೆಡ್ಡಿನಲ್ಲಿ, ಭಾವನ ಮೂಗಿನಿಂದ ರಕ್ತ ಧಾರೆಯಾಗಿ ಇಳಿದು ಅಂಗಿ ತೊಯ್ದಿತ್ತು, ಆಹಾ, ಎಂಥ ಸುಖ, ಒಂದು ಸಂಜೆಯ ಸುಖ, ಮರುದಿನ ಅಕ್ಕ ಬಾಗಿಲು ಹಿಡಿದುಕೊಂಡು ನಿಂತಿದ್ದಳು, ಪಕ್ಕೆಲುಬು ಮುರಿದಿತ್ತು, ಇನ್ನೊಂದ್ಸಲ ನನಗೋಸ್ಕರ ಜಗಳಕ್ಕೆ ಹೋಗ್ಬೇಡ ಕಣಪ್ಪ, ನಿಂಗೆ ಕೈ ಮುಗೀತೀನಿ. ಹಾಗಾಗಿ ಜಗಳವಿಲ್ಲ. ಬರೀ ಪೈಪು.

ಬರೀ ಒಂದು ಗೇಣುದ್ದದ ಪೆಟ್ರೋಲ್ ಪೈಪು. ಕಾರ್ಬೊರೇಟರಿನ ಕಾಲದಲ್ಲಿ ಪಂಪು ಪಾಪ, ಬಿಸಿ ಹಾಲಿಗೆ ಊದುವಷ್ಟು ಊದುತ್ತಿತ್ತು, ಪೈಪು ಬಿರುಕು ಬಿಟ್ಟರೂ ತೊಟ್ಟಿಕ್ಕುತ್ತಿತ್ತು ಅಷ್ಟೇ. ಈ ಇಂಜೆಕ್ಷನ್ನಿನ ಪಂಪು ಹಾಗಲ್ಲ, ಅದರ ಹತ್ತು ಪಟ್ಟು ಒತ್ತುತ್ತದೆ, ಅದಕ್ಕೆಂದೇ ದಪ್ಪ ಪೈಪು ಕೊಟ್ಟಿದ್ದಾರೆ, ದಪ್ಪ ಕ್ಲಿಪ್ಪು ಕೊಟ್ಟಿದ್ದಾರೆ, ಎರಡೂ ಈಗ ಹಳೆ ಟೈರುಗಳ ಹಿಂದೆ ಬಿದ್ದಿವೆ. ಭಾವ ಊಟಕ್ಕೆ ಹೋದಾಗ ಇವನು ಹಳೆಯ ಪೈಪನ್ನೇ ತುರುಕಿ ಹಳೆಯ ಕ್ಲಿಪ್ಪನ್ನೇ ಅರ್ಧ ಬಿಗಿದು, ಮೇಲೆ ಕರಿ ಟೇಪು ಸುತ್ತಿದ್ದಾನೆ. ಎಂಜಿನ್ ಸ್ಟಾರ್ಟ್ ಆಗುವವರೆಗೂ ಕಾಯಬೇಕಿಲ್ಲ, ಕೀ ಅರ್ಧ ತಿರುಗಿದರೆ ಸಾಕು, ಪಂಪು ಝುಂಯ್ ಎಂದು ಒತ್ತಡ ಕಟ್ಟುತ್ತದೆ, ಆಮೇಲೆ ತಾನಾಗಿಯೇ ಸುಮ್ಮನಾಗುತ್ತದೆ. ಆ ಝುಂಯ್ ಸಾಕು, ಹಳೆ ಪೈಪು ಸೀಳಿ ಪೆಟ್ರೋಲು ಚಿಮ್ಮಲು. ಯಾಕೆಂದರೆ ಭಾವನದೊಂದು ಗೀಳಿದೆ, ಹೊಸದಾಗಿ ಕಟ್ಟಿದ ಎಂಜಿನ್ನಿನ ಮೊದಲ ಸ್ಟಾರ್ಟಿಗೆ ಅದರ ಮೇಲೇ ಬಗ್ಗಿ ಸಿಗರೇಟು ಹಚ್ಚಬೇಕು, ಮೊದಲ ಹೊಗೆ ಎಂಜಿನ್ನಿಗೇ ಬಿಡಬೇಕು, ಬೇಡ ಎಂದವರಿಗೆಲ್ಲ ಒಂದೇ ಉತ್ತರ, ನಾನಿನ್ನೂ ಸತ್ತಿಲ್ವಲ್ಲ. ಸಾಯಿ. ಇವನು ಸೀಟಿನಲ್ಲಿ ಕುಳಿತು ಕೀ ತಿರುಗಿಸುತ್ತಾನೆ, ಅಲ್ಲಿ ಚಪ್ಪಟೆ ಹೆಬ್ಬೆರಳು ಲೈಟರಿನ ಗಾಲಿ ತಿರುಗಿಸುತ್ತದೆ, ಹುಬ್ಬು, ರೆಪ್ಪೆ, ತುಟಿ, ನಗುವ ಆ ಬಾಯಿಯ ಒಳಗೂ ಬೆಂಕಿ, ಅರಚಲಿ, ನೆಲದ ಮೇಲೆ ಹೊರಳಲಿ, ಇವನು ನಿಧಾನವಾಗಿ ಇಳಿದು ನಿಧಾನವಾಗಿ ನೀರು ಹುಡುಕುತ್ತಾನೆ —

ಯಾಕೆ ಬಂದಳು? ಕೈಯಲ್ಲಿ ಟೀ ಫ್ಲಾಸ್ಕು, ಕತ್ತಿಗೆ ಅದೇ ಶಾಲು, ಹೋಗಕ್ಕ, ಫ್ಲಾಸ್ಕು ಇಟ್ಟು ಹೋಗು, ಆದರೆ ಭಾವನಿಗೆ ಆಗಲೇ ಹುಮ್ಮಸ್ಸು, ಬಾರೇ ಬಾ, ಇವತ್ತು ಕೀ ನೀನೇ ತಿರುಗ್ಸು, ನಿನ್ನ ತಮ್ಮನ ಕೈ ಅಪಶಕುನ, ಮುಟ್ಟಿದ್ದೆಲ್ಲ ಕೆಮ್ಮುತ್ತೆ. ಬೇಡ ಭಾವ, ನಾನೇ ತಿರುಗಿಸ್ತೀನಿ. ನಿನ್ನ ಯಾರೋ ಕೇಳಿದ್ದು, ಸುಮ್ನಿರು. ಅಕ್ಕ ಹತ್ತಿ ಕೂತಳು. ಸೀಟಿನ ಕೆಳಗೇ ಟ್ಯಾಂಕು, ಈ ಹಳೆ ಜೀಪಿನಲ್ಲಿ ಡ್ರೈವರು ಕೂರುವುದೇ ಪೆಟ್ರೋಲಿನ ಮೇಲೆ, ನಿನ್ನೆ ತಾನೇ ತುಂಬಿಸಿದ್ದು, ಕತ್ತಿನವರೆಗೆ ತುಂಬಿಸಿದ್ದು, ತುಂಬಿಸಿದವನೂ ತಾನೇ — ಹೇಳು, ಬಾಯಿ ಬಿಡು, ಪೈಪು ಹಳೆಯದು ಎನ್ನು, ಎಂದರೆ ಭಾವ ಟೇಪು ಬಿಚ್ಚಿ ನೋಡುತ್ತಾನೆ, ಎಲ್ಲ ಗೊತ್ತಾಗುತ್ತದೆ, ರಾತ್ರಿ ಮನೆಯ ಬಾಗಿಲು ಹಾಕಿಕೊಳ್ಳುತ್ತದೆ, ಹೇಳದಿದ್ದರೆ ಈಗಲೇ — ಯಾವ ಕಡೆಗೋ ತಿರುಗಿಸ್ಬೇಕು, ಅಕ್ಕ ಇವನನ್ನೇ ಕೇಳುತ್ತಿದ್ದಾಳೆ, ನಗುತ್ತಿದ್ದಾಳೆ, ಎಷ್ಟು ಕಾಲವಾಯಿತು ಇವಳು ನಕ್ಕು, ಭಾವ ಬಾನೆಟ್ಟಿನೊಳಗಿಂದಲೇ, ಬಲಕ್ಕೆ ಕಣೇ, ತುಟಿಯಲ್ಲಿ ಸಿಗರೇಟು, ಕೈಯಲ್ಲಿ ಲೈಟರು, ಅಕ್ಕಾ ಬೇಡ ಎಂದನೋ ಇಲ್ಲವೋ, ಕಾಲು ಓಡಿದವು, ಝುಂಯ್, ಟೇಪು ಉಬ್ಬಿತು, ಫಟ್ — ಎರಡೂ ಕೈಯಿಂದ ಅದುಮಿ ಹಿಡಿದ, ಎದೆಯಿಂದ ಅದುಮಿದ, ಬೆರಳ ಸಂದಿಯಿಂದ ಚಿಮ್ಮುತ್ತಿದೆ, ಕಣ್ಣಿಗೆ, ಬಾಯಿಗೆ, ಅಂಗಿಯೊಳಗೆ, ಇಷ್ಟು ತಣ್ಣಗೆ, ಬೆಂಕಿಯಾಗುವುದು ಇಷ್ಟು ತಣ್ಣಗಿರುತ್ತದೆಯೇ — ಇಳಿಯಕ್ಕ, ಓಡು, ಓಡೇ!

ಪಂಪು ಸುಮ್ಮನಾಯಿತು. ಅಕ್ಕ ಇಳಿದಿದ್ದಾಳೆ, ಶೆಡ್ಡಿನ ಬಾಗಿಲ ಹತ್ತಿರ ಇದ್ದಾಳೆ, ಓಡು ಎಂದರೆ ಓಡುತ್ತಿಲ್ಲ, ಏನಾಯ್ತೋ, ಏನಾಯ್ತು ಹೇಳೋ, ಇವನ ನಾಲಗೆ ಉರಿಯುತ್ತಿದೆ, ತಲೆಯಿಂದ ಕಾಲಿನವರೆಗೆ ತೊಪ್ಪೆಯಾಗಿ ನಿಂತಿದ್ದಾನೆ, ಭಾವನ ಮೈಮೇಲೆ ಒಂದು ಹನಿಯೂ ಇಲ್ಲ, ಒಂದೇ ಒಂದು ಹನಿಯೂ. ಭಾವ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಾನೆ, ಬಿಚ್ಚಿಕೊಂಡ ಟೇಪನ್ನು, ಬಿರುಕು ಬಿಟ್ಟ ಹಳೆಯ ಪೈಪನ್ನು, ಅರ್ಧ ಬಿಗಿದ ಕ್ಲಿಪ್ಪನ್ನು, ಇವನ ಮುಖವನ್ನು, ಓಹೋ, ನಿಧಾನವಾಗಿ, ಹೀಗೋ ವಿಷಯ ಭಾಮೈದ, ತುಟಿಯ ಸಿಗರೇಟು ಕೆಳಗೆ ಬಿತ್ತು, ಲೈಟರು ಬೀಳಲಿಲ್ಲ, ಅದನ್ನು ಇಳಿಸು ಭಾವ, ಅಕ್ಕ ಇಲ್ಲೇ ಇದ್ದಾಳೆ, ಇಳಿಸು, ಭಾವ ಇಳಿಸುತ್ತಿಲ್ಲ, ಕೈ ಮುಂದೆ ಬರುತ್ತಿದೆ, ಗಾಲಿಯ ಮೇಲೆ ಹೆಬ್ಬೆರಳು, ಚಪ್ಪಟೆ ಉಗುರು, ಉಗುರಿನ ಸೀಳು, ಬೆಳ್ಳಗಾಗುತ್ತಿದೆ, ಹೆಬ್ಬೆರಳು ಬೆಳ್ಳಗಾಗುತ್ತಿದೆ, ಹೆಬ್ಬೆರಳು