ಪಂಪಿನ ಬಾಯಾರಿಕೆ

“ಕೊಡಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ! ಅದು ಗಾಡಿ ನೀರು ಕಣೇ, ಮುಂಡೇದೆ!”

ಎತ್ತರಕ್ಕಿದ್ದಾಳೆಂದು ಎಲ್ಲರೂ ಉದ್ದಕ್ಕ ಎನ್ನುತ್ತಿದ್ದ ಹೆಂಗಸು, ಕೊಡದೊಳಗೆ ಅದ್ದಿದ ಲೋಟವನ್ನು ಹಾಗೇ ಹಿಡಿದು ನಿಂತಳು. ಬೆಳಗಿನ ಜಾವ ಬೋರಿನ ಮುಂದೆ ಸರದಿ ಕಾದು, ಜಗಳವಾಡಿ, ತುಂಬಿಸಿ, ಸೊಂಟದ ಮೇಲೆ ಹೊತ್ತು ತಂದ ಕೊಡ ಅದು. ಅದು ಗಾಡಿಯದ್ದಾಗುವಾಗ ಅವಳನ್ನು ಯಾರೂ ಕೇಳಿರಲಿಲ್ಲ. ಕಲ್ಲುಕ್ವಾರಿಯ ಧಣಿಗೆ ಇಂಥ ವಿಷಯಗಳಲ್ಲಿ ಹೇಳುವ ಕೇಳುವ ಅಭ್ಯಾಸವಿರಲಿಲ್ಲ. ಇಡೀ ಗುಡ್ಡವೂ ಒಂದು ದಿನ ಹೀಗೇ ಅವನದಾಗಿತ್ತು.

“ನಂಗಲ್ಲ ಧಣಿ, ಅತ್ತೆಗೆ. ಸೊಂಟ ಹಿಡ್ಕೊಂಡು ಕೂತ್ಬಿಟ್ಟಿದಾರೆ.”

“ನಿಮ್ಮತ್ತೆ ಮಧ್ಯಾಹ್ನದ ತನಕ ಸಾಯಲ್ಲ. ಗಾಡಿ ಈಗ್ಲೇ ಹೊರಡ್ಬೇಕು. ಇಡು ಲೋಟ.”

ಧಣಿ ಕೊಡ ಕಿತ್ತು ಡ್ರೈವರನ ಕೈಗೆ ಕೊಟ್ಟ. ಡ್ರೈವರ್ ಪಿಕಪ್ಪಿನ ಬಾನೆಟ್ ಎತ್ತಿ, ಎಂಜಿನ್ನಿನ ಮಗ್ಗುಲಿಗೆ ಅಂಟಿಕೊಂಡಿದ್ದ ಚೊಂಬಿನ ಗಾತ್ರದ ಡೀಸೆಲ್ ಪಂಪಿನ ಮೇಲೆ ನೀರು ಹುಯ್ದ. ಬಿಸಿ ಕಬ್ಬಿಣ ಚುಂಯ್ ಎಂದಿತು. ಕೊಡ ಬರಿದಾದ ಮೇಲೆ ಕೀ ತಿರುವಿದ. ಗಾಡಿ ಕೆಮ್ಮಿ, ಕ್ಯಾಕರಿಸಿ, ಹೊಗೆ ಉಗುಳಿ ಎದ್ದಿತು.

“ಕುಡೀತು ನೋಡು, ಎದ್ದೇಬಿಡ್ತು ನನ್ ರಾಜ!” ಎಂದು ಧಣಿ ಬಾನೆಟ್ಟನ್ನು ಸವರಿದ. ಇಷ್ಟು ವರ್ಷ ಕಲ್ಲು ಹೊತ್ತವರ ಬೆನ್ನನ್ನು ಅವನು ಒಂದು ಸಲವೂ ಹಾಗೆ ಸವರಿರಲಿಲ್ಲ. ಸವರದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಹೆಂಗಸರು ತಮ್ಮತಮ್ಮಲ್ಲೇ ಆಡಿಕೊಂಡರು.

ರಾಜನಿಗೆ ಕಾಯಿಲೆ ಶುರುವಾದದ್ದು ಬೇಸಿಗೆಯ ಮೊದಲಲ್ಲಿ. ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಲೇರಿ ಎಂಜಿನ್ ಕಾದರೆ ಕ್ವಾರಿಯ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಕಲ್ಲು ತುಂಬಲು ನಿಲ್ಲಿಸಿದರೆ ಮುಗಿಯಿತು, ಮತ್ತೆ ಏಳುತ್ತಿರಲಿಲ್ಲ. ನಿಲ್ಲಿಸದೇ ಬಿಡೋಣವೆಂದರೆ ಸುಮ್ಮನೆ ಡೀಸೆಲ್ ಉರಿಯುವುದನ್ನು ಕಂಡು ಧಣಿಗೆ ಹೊಟ್ಟೆ ಉರಿಯುತ್ತಿತ್ತು.

ಕಾಯಿಲೆ ಏನೆಂದು ಮೊದಲು ಧಣಿಯೇ ಪರೀಕ್ಷೆ ಮಾಡಿದ. ಅವನ ಪರೀಕ್ಷೆಗೆ ಸ್ಪ್ಯಾನರ್ ಬೇಕಿರಲಿಲ್ಲ, ಬಾಯಿ ಸಾಕಿತ್ತು. “ಬೋಳಿಮಗನೆ, ಡೀಸೆಲ್ ಕದ್ದು ಸೀಮೆಎಣ್ಣೆ ಬೆರೆಸ್ತಿದೀಯಾ” ಎಂದು ಡ್ರೈವರನ ಕಪಾಳಕ್ಕೆ ಬಿಗಿದ. ಗಾಡಿ ಏಳಲಿಲ್ಲ. “ತಿಂದು ಕೊಬ್ಬಿರೋ ಹೆಂಗಸ್ರೆಲ್ಲ ಸಂಜೆ ಹಿಂದೆ ಹತ್ಕೊಂಡ್ರೆ ಗಾಡಿ ಸಾಯದೆ ಇನ್ನೇನು” ಎಂದು ಅವರನ್ನು ಮನೆಯವರೆಗೂ ನಡೆಸಿದ. ಆಗಲೂ ಏಳಲಿಲ್ಲ. ಅದೇ ಹೆಂಗಸರಿಂದ ಹಿಂದಿನಿಂದ ನೂಕಿಸಿದ. ಕಡೆಗೆ, ಗಾಡಿ ಕೆಟ್ಟರೆ ಮೆಕ್ಯಾನಿಕ್ಕನ್ನು ಕರೆಸಬೇಕು ಎಂಬ ಹೊಸ ಜ್ಞಾನ ಅವನಲ್ಲಿ ಮೂಡಿತು.

ಮೆಕ್ಯಾನಿಕ್ ಬ್ಯಾಟರಿ ನೋಡಿದ, ಫಿಲ್ಟರ್ ಬಿಚ್ಚಿದ, ಡೀಸೆಲ್ಲನ್ನು ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿದ. “ಡೀಸೆಲ್ ಚೊಕ್ಕವಾಗಿದೆ ಧಣಿ” ಎಂದ. ಡ್ರೈವರ್ ಸುಮ್ಮನೆ ಕೆನ್ನೆ ಮುಟ್ಟಿಕೊಂಡ. ಆಮೇಲೆ ಮೆಕ್ಯಾನಿಕ್ ಪಂಪಿನಿಂದ ಎಂಜಿನ್ನಿಗೆ ಹೋಗುವ ಸಣ್ಣ ಪೈಪಿನ ನಟ್ಟು ಸಡಿಲಿಸಿ ಡ್ರೈವರನಿಗೆ “ಸ್ಟಾರ್ಟ್ ಹೊಡಿ” ಎಂದ. ಚಿಮ್ಮಬೇಕಾದ ಡೀಸೆಲ್ ನೆಗಡಿಯಾದ ಮೂಗಿನಂತೆ ಸೋರಿತು. ಅವನು ಸುತ್ತ ನೋಡಿ, ಹೆಂಗಸರ ಕೊಡ ಎಳೆದುಕೊಂಡು ಪಂಪಿನ ಮೇಲೆ ಬಗ್ಗಿಸಿ, ಸ್ವಲ್ಪ ತಡೆದು ಮತ್ತೆ “ಹೊಡಿ” ಎಂದ. ಈ ಸಲ ಡೀಸೆಲ್ ಚಿರ್ರೆಂದು ಚಿಮ್ಮಿ ಧಣಿಯ ಬಿಳಿ ಅಂಗಿಗೆ ಸಿಡಿಯಿತು. ನಟ್ಟು ಬಿಗಿದ ಮೇಲೆ ಗಾಡಿಯೂ ಎದ್ದಿತು.

“ಪಂಪು ಹೋಗಿದೆ ಧಣಿ. ಒಳಗೆ ಸವೆದು ಸಂದಿ ಬಿಟ್ಟಿದೆ. ಬಿಸಿಗೆ ಡೀಸೆಲ್ ತೆಳ್ಳಗಾಗಿ ಆ ಸಂದೀಲೇ ಸೋರೋಗತ್ತೆ, ಒತ್ತಡ ಬರಲ್ಲ. ತಣ್ಣಗಾದ್ರೆ ಬರತ್ತೆ. ಬಿಚ್ಚಿಸಿ ರಿಪೇರಿ ಮಾಡಿಸ್ಬೇಕು.”

“ನೀರು ಹುಯ್ದ್ರೆ ಏಳತ್ತಲ್ಲ?”

“ಏಳತ್ತೆ. ಆದ್ರೆ ಅದು ಪರೀಕ್ಷೆ ಧಣಿ, ರಿಪೇರಿ ಅಲ್ಲ.”

“ಎದ್ದಮೇಲೆ ರಿಪೇರಿ ಯಾತಕ್ಕೋ ಪೆದ್ದ? ನೀರೇನು ನಿಮ್ಮಪ್ಪ ತರ್ತಾನಾ?”

ನೀರು ಯಾರು ತರುತ್ತಾರೆಂದು ಮೆಕ್ಯಾನಿಕ್ಕಿಗೂ ಗೊತ್ತಿತ್ತು. ಅವನು ಬರಿದಾದ ಕೊಡದ ಕಡೆ ನೋಡಿದ, ಹೆಂಗಸರ ಕಡೆ ಮಾತ್ರ ನೋಡಲಿಲ್ಲ. ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಅಂದಿನಿಂದ ಪಂಪಿನ ಉಪಚಾರ ಶುರುವಾಯಿತು. ಹೆಂಗಸರು ತರುವ ಎರಡು ಕೊಡಗಳಲ್ಲಿ ಒಂದು ಗಾಡಿಯ ಪಾಲು ಎಂದಾಯಿತು, ಬಿಸಿಲು ಹೆಚ್ಚಾದಂತೆ ಎರಡೂ ಅದರ ಪಾಲಾದವು. ನೀರು ಬೇಗ ಆರಿಹೋಗುತ್ತದೆಂದು ಧಣಿ ಉದ್ದಕ್ಕನ ತಲೆಯ ಸಿಂಬೆಯನ್ನು ಬಿಚ್ಚಿಸಿ, ಒದ್ದೆ ಮಾಡಿಸಿ ಪಂಪಿಗೆ ಸುತ್ತಿಸಿದ. ಆ ದಿನ ಅವಳು ಬರಿತಲೆಯ ಮೇಲೆ ಕಲ್ಲು ಹೊತ್ತಳು. ಇನ್ನೊಂದು ದಿನ, ಹೇಗೂ ಎತ್ತರವಿದ್ದಾಳೆಂದು, ಗಾಡಿಯ ಮೂತಿಗೆ ಗೋಣಿತಾಟು ಅಡ್ಡ ಹಿಡಿದು ನೆರಳು ಮಾಡುವ ಕೆಲಸಕ್ಕೆ ಅವಳನ್ನು ನಿಲ್ಲಿಸಿದ. ನೆರಳಿನಲ್ಲಿ ಪಂಪು ಇತ್ತು, ಬಿಸಿಲಿನಲ್ಲಿ ಉದ್ದಕ್ಕ ಇದ್ದಳು. ಮುಂದಿನ ಜನ್ಮ ಅಂತ ಒಂದಿದ್ದರೆ ಪಂಪಾಗಿ ಹುಟ್ಟಬೇಕು ಅಂದುಕೊಂಡಳು.

ಅತ್ತೆಗೆ ಸೊಂಟನೋವು ಕಾಣಿಸಿಕೊಂಡದ್ದೂ ಆಗಲೇ. ದೊಡ್ಡಾಸ್ಪತ್ರೆಯ ಡಾಕ್ಟರು ಹೊಟ್ಟೆಯ ಮೇಲೆ ತಣ್ಣನೆಯದೇನೋ ಆಡಿಸಿ ನೋಡಿ “ಕಲ್ಲಿದೆ” ಎಂದರು. ಜೀವಮಾನವೆಲ್ಲ ಕಲ್ಲು ಹೊತ್ತ ಮುದುಕಿ ಅದಕ್ಕೆ ಬೆರಗಾಗಲಿಲ್ಲ. “ಇರ್ದೆ ಇನ್ನೇನಿರತ್ತೆ ಸಾರ್, ಬೇರೇನು ಕಂಡಿದೀನಿ ನಾನು?” ಎಂದಳು.

“ನೀರು ಕುಡೀಬೇಕಮ್ಮ, ಚೆನ್ನಾಗಿ ಕುಡೀಬೇಕು. ಉಚ್ಚೆ ತಡೀಬಾರ್ದು. ಚಿಕ್ಕ ಕಲ್ಲು, ತಾನಾಗೇ ಬಿದ್ದೋಗತ್ತೆ. ಹೀಗೇ ಒಣಗ್ಕೊಂಡಿದ್ರೆ ಕಿಡ್ನಿ ಕಳ್ಕೋತೀರ.”

ಡಾಕ್ಟರು ಒಳ್ಳೆಯವರು, ಕ್ವಾರಿ ಕಂಡವರಲ್ಲ. ಅಲ್ಲಿ ಒಂದು ಗಿಡದ ಮರೆಯೂ ಇರಲಿಲ್ಲ. ಕತ್ತಲಾಗುವವರೆಗೆ ತಡೆದುಕೊಳ್ಳಬೇಕೆಂದೇ ಹೆಂಗಸರು ಕುಡಿಯುವುದನ್ನು ಕಡಿಮೆ ಮಾಡಿದ್ದರು. ಉಳಿದ ನೀರನ್ನು ಪಂಪು ಕುಡಿಯಿತು. ಅತ್ತೆಯ ನಾಲಗೆ ಮಾತ್ರ ಒಣಗಿರಲಿಲ್ಲ. “ಗಾಡಿಗಾದ್ರೂ ಮನೆಬಾಗಿಲಿಗೇ ಡಾಕ್ಟರು ಬಂದ ಕಣೇ” ಎಂದು ಸೊಸೆಯನ್ನು ಚುಚ್ಚುತ್ತಿದ್ದಳು. ಅತ್ತೆ ಸೊಸೆಗೆ ಮನೆಯಲ್ಲಿ ಎಂದೂ ಸರಿಬಂದಿರಲಿಲ್ಲ. ಆದರೂ ರಾತ್ರಿ ಮುದುಕಿ ನರಳಿದರೆ ಉದ್ದಕ್ಕ ಎದ್ದು ಅವಳ ಸೊಂಟ ನೀವುತ್ತಿದ್ದಳು.

ಒಂದು ದಿನ ಧೈರ್ಯ ಮಾಡಿ ಕೇಳಿಯೂ ಬಿಟ್ಟಿದ್ದಳು. “ಧಣಿ, ನಿಮ್ ಕಾರಲ್ಲಿರೋ ಬಾಟ್ಲಿ ನೀರು ಹುಯ್ದ್ರೆ ಇನ್ನೂ ಬೇಗ ತಣ್ಣಗಾಗತ್ತಲ್ವಾ?”

“ತಲೆ ಕೆಟ್ಟಿದೆಯೇನೇ? ಅದು ಕುಡಿಯೋ ನೀರು!”

ಧಣಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಅತ್ತೆಗೆಂದು ಅದ್ದಿದ ಲೋಟ ಹಾಗೇ ಉಳಿದ ಈ ದಿನ, ಗಾಡಿ ಮೊದಲ ಕೊಡ ಕುಡಿದು ಹೋಗಿ, ಕಲ್ಲು ಸುರಿದು, ನೆತ್ತಿ ಸುಡುವ ಹೊತ್ತಿಗೆ ಮರಳಿ ಬಂತು. ಡ್ರೈವರ್ ಎಂದಿನಂತೆ ಎಂಜಿನ್ ಆರಿಸಿದ. ಹೆಂಗಸರು ತುಂಬತೊಡಗಿದರು. ಅತ್ತೆ ಒಂದು ಬುಟ್ಟಿ ಎತ್ತಿದವಳು ಅದನ್ನು ಅಲ್ಲೇ ಬಿಟ್ಟು ಮಗ್ಗುಲಾದಳು. ಮುಖ ಬೂದಿಯಾಗಿತ್ತು. “ಒಳಗೇ ಕೊರೀತಿದೆ ಕಣೇ” ಎಂದಳು. ಈ ಸಲ ಅದರಲ್ಲಿ ಚುಚ್ಚು ಇರಲಿಲ್ಲ. ಉದ್ದಕ್ಕನಿಗೆ ಹೆದರಿಕೆಯಾಯಿತು.

ಧಣಿ ಫೋನಿನಲ್ಲಿ “ಬಂತು, ಬಂತು, ಗಾಡಿ ದಾರೀಲಿದೆ” ಎಂದು ನಿಂತ ಗಾಡಿಯನ್ನು ಓಡಿಸುತ್ತಿದ್ದ. ಆ ಕಡೆ ಕಟ್ಟಡದಲ್ಲಿ ಕಾಂಕ್ರೀಟಿನವರು ಕಲ್ಲಿಗಾಗಿ ಕಾಯುತ್ತಿದ್ದರು. ಲೋಡು ತುಂಬಿತು. ಡ್ರೈವರ್ ಕೀ ತಿರುವಿದ. ಗಾಡಿ ಗೊರಗೊರ ಎಂದಿತೇ ಹೊರತು ಏಳಲಿಲ್ಲ.

“ಲೇ ಉದ್ದಿ, ನೀರು ತಾ!”

ಉದ್ದಕ್ಕ ಎರಡನೆಯ ಕೊಡ ಎತ್ತಿಕೊಂಡಳು. ಗಾಡಿಯ ಕಡೆ ಹೋಗದೆ ಅತ್ತೆಯ ಪಕ್ಕ ಕುಕ್ಕರಿಸಿದಳು. ಲೋಟ ತುಂಬಿ ಅವಳ ಬಾಯಿಗಿಟ್ಟಳು. ಮುದುಕಿ ಧಣಿಯ ಮುಖ ನೋಡಿದಳು.

“ಅವನ ಮುಖ ಏನ್ ನೋಡ್ತೀಯ? ಕುಡಿ.”

ಅತ್ತೆ ಕುಡಿದಳು. ಇನ್ನೊಂದು ಲೋಟ, ಮತ್ತೊಂದು. ಧಣಿ ಫೋನು ಕಿವಿಯಿಂದ ತೆಗೆಯುವುದನ್ನೂ ಮರೆತು ನೋಡುತ್ತಿದ್ದ.

“ಏಯ್! ಏನೇ ಮಾಡ್ತಿದೀಯ ಹಲ್ಕಾ!”

“ಬನ್ರೇ” ಎಂದು ಉದ್ದಕ್ಕ ಉಳಿದವರನ್ನು ಕೂಗಿದಳು. “ಬಾಯಾರಿಕೆ ಇದ್ದೋರು ಬನ್ನಿ.”

ಒಬ್ಬಳು ಬಂದಳು. ಅವಳ ಹಿಂದೆ ಎಲ್ಲರೂ ಬಂದರು. ಸಂಜೆಯವರೆಗೆ ಹೇಗೆ ತಡೆಯುವುದೆಂದು ಯಾರೂ ಕೇಳಲಿಲ್ಲ. ಗಟಗಟ ಕುಡಿದು ಕೊಡವನ್ನು ಕೈಯಿಂದ ಕೈಗೆ ದಾಟಿಸಿದರು. ಧಣಿ ಕೈ ಎತ್ತಿಕೊಂಡು ಬಂದ. ಉದ್ದಕ್ಕ ಎದ್ದು ನಿಂತಳು. ಅವನಿಗಿಂತ ಒಂದು ತಲೆ ಎತ್ತರವಿದ್ದವಳು ಇಷ್ಟು ದಿನ ಅವನೆದುರು ಬಗ್ಗಿಯೇ ಇದ್ದುದರಿಂದ ಆ ಎತ್ತರ ತನ್ನನ್ನೂ ಮೀರಿದ್ದೆಂದು ಅವನ ಗಮನಕ್ಕೆ ಬಂದಿರಲಿಲ್ಲ. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ ಡ್ರೈವರನ ಕಡೆ ಬೀಸಿ, “ಏನೋ ನೋಡ್ತಿದೀಯಾ, ಕಿತ್ಕೊಳ್ಳೋ ಕೊಡಾನ!” ಎಂದ.

ಡ್ರೈವರ್ ಕೊಡ ಕಿತ್ತುಕೊಂಡ. ತಳದಲ್ಲಿ ಉಳಿದಿದ್ದನ್ನು ತಾನೇ ಎತ್ತಿ ಕುಡಿದುಬಿಟ್ಟ.

ಧಣಿ ಕಾರಿಗೆ ಓಡಿ, ಉಳಿದಿದ್ದ ಒಂದೇ ಬಾಟಲಿಯನ್ನು ತಂದು ಪಂಪಿನ ಮೇಲೆ ಸುರಿದ. ಪಂಪು ನೆಕ್ಕಿಕೊಂಡು ಸುಮ್ಮನಾಯಿತು. ಅವನೇ ಕೀ ತಿರುವಿದ, ಒದ್ದ, ತಾಯಿ ಎತ್ತಿ ಬೈದ. ಗಾಡಿ ಏಳಲಿಲ್ಲ.

“ನಾಳೆಯಿಂದ ಒಬ್ರೂ ಬರ್ಬೇಡಿ ಬೇವರ್ಸಿಗಳಾ!”

“ಬಂದು ಕಲ್ಲು ತುಂಬೋಕೆ ನಿಮ್ ಗಾಡಿ ಎದ್ರೆ ತಾನೆ ಧಣಿ” ಎಂದಳು ಉದ್ದಕ್ಕ. ನಾಳೆ ಒಲೆಗೆ ಏನು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆಗ ಅತ್ತೆ ಅವಳ ಸೆರಗು ಜಗ್ಗಿದಳು. “ನಂಗೆ ಬಂತು ಕಣೇ. ಎಲ್ಲಿಗೆ ಹೋಗ್ಲಿ?”

ಉದ್ದಕ್ಕ ಸುತ್ತ ನೋಡಿದಳು. ಕಣ್ಣು ಹಾಯುವಷ್ಟು ದೂರ ಬೋಳು ಬಂಡೆ. ಮರೆಯೆಂದು ಇದ್ದದ್ದು ಲೋಡು ತುಂಬಿ ನಿಂತ ಗಾಡಿಯದೊಂದೇ. “ಇಲ್ಲೇ ಕೂತ್ಕೋ” ಎಂದು ಮುದುಕಿಯನ್ನು ತಬ್ಬಿ ಎಬ್ಬಿಸಿ, ಮುಂದಿನ ಚಕ್ರದ ಪಕ್ಕಕ್ಕೆ ನಡೆಸಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಸೆರಗು ಬಿಚ್ಚಿ ಹಿಡಿದು ಸುತ್ತ ನಿಂತರು. ಡ್ರೈವರ್ ಬೆನ್ನು ಮಾಡಿ ಆಚೆ ನಡೆದ.

“ಥೂ! ನಾನಿಲ್ಲಿ ನಿಂತಿದೀನಿ ಕಣ್ರೇ, ಕಣ್ಣು ಕಾಣಲ್ವಾ?”

“ಕಾಣತ್ತೆ ಧಣಿ. ಆ ಕಡೆ ತಿರುಗಿ” ಎಂದಳು ಉದ್ದಕ್ಕ.

ಧಣಿ ತಿರುಗಿದ. ಅವನ ಎದುರಿಗೆ ಅವನದೇ ಗುಡ್ಡ, ಅರ್ಧ ತಿಂದು ಬಿಟ್ಟದ್ದು. ಕೈಯಲ್ಲಿ ಫೋನು ಬಡಿದುಕೊಳ್ಳತೊಡಗಿತು.

“ಆಯ್ತೇನೇ ಮುದುಕಿ? ಬೇಗ ಏಳೇ!”

ಸೆರಗುಗಳ ಒಳಗಿನಿಂದ ಅತ್ತೆಯ ದನಿ ಬಂತು. ನೋವಿನಲ್ಲಿ ಹಲ್ಲು ಕಚ್ಚಿ ಆಡಿದರೂ ಅದರ ಮೊನೆ ಮರಳಿ ಬಂದಿತ್ತು.

“ತಾಳಿ ಧಣಿ, ಹಳೇ ಪಂಪು. ಈಗ ತಾನೆ ನೀರು ಬಿದ್ದಿದೆ.”

ಹೆಂಗಸರು ನಗಲಿಲ್ಲ, ಕದಲಲೂ ಇಲ್ಲ. ಫೋನು ಬಡಿದುಕೊಂಡು ನಿಂತಿತು, ಮತ್ತೆ ಶುರುವಾಯಿತು. ಉದ್ದಕ್ಕ ಸೆರಗನ್ನು ಇನ್ನಷ್ಟು ಎಳೆದು ಹಿಡಿದಳು.